ಎಡಬಾಗಿಲಿನ ಗಾಜು

ವಗ್ದಿ ಮೂರು ವರ್ಷದಿಂದ ಒಂದು ಕಾರನ್ನು ಸಾಕುತ್ತಿದ್ದ. ಓಡಿಸುತ್ತಿದ್ದ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ದಿನಾ ಒರೆಸುತ್ತಿದ್ದ, ವಾರಕ್ಕೊಮ್ಮೆ ಇಂಜಿನ್ ಶುರುಮಾಡಿ ಅದರ ಸದ್ದು ಕೇಳಿ ಸಂತೋಷಪಟ್ಟು ಆರಿಸುತ್ತಿದ್ದ, ಆಫೀಸಿಗೆ ಮಾತ್ರ ಮೆಟ್ರೋದಲ್ಲಿ ಜೋತಾಡಿಕೊಂಡು ಹೋಗುತ್ತಿದ್ದ. ಕಾರು ಅವನದಲ್ಲ, ಹೆಂಡತಿ ನಜ್ವಾಳ ಅಣ್ಣ ಮಿಧತ್‌ನದು. ಮಿಧತ್ ಕುವೈತಿಗೆ ಹೊರಟ ದಿನ, "ಮೂರು ವರ್ಷ ಒಂದು ಗೀರೂ ಬೀಳದ ಹಾಗೆ ನೋಡ್ಕೊ. ಆಮೇಲೆ ಕಾರು ನಿಂದೇ" ಎಂದು ಬೀದಿಯೆಲ್ಲ ಕೇಳುವ ಹಾಗೆ ಘೋಷಿಸಿ ಹೋಗಿದ್ದ. ಆ ಮೂರು ವರ್ಷ ಇವತ್ತಿಗೆ ಮುಗಿಯುತ್ತಿತ್ತು. ಮಿಧತ್‌ನ ವಿಮಾನ ಸಂಜೆ ನಾಲ್ಕಕ್ಕೆ ಕೈರೋದಲ್ಲಿ ಇಳಿಯುವುದಿತ್ತು. ಬೆಳಿಗ್ಗೆ ಏಳಕ್ಕೆ ಎಡಬಾಗಿಲಿನ ಗಾಜು ಪುಡಿಪುಡಿಯಾಯಿತು.

ಅದು ಎರಡೇ ಬಾಗಿಲಿನ ಶೋಕಿ ಕಾರು. ಅದರ ಕಿಟಕಿಗೆ ಚೌಕಟ್ಟೇ ಇಲ್ಲ. ಬಾಗಿಲು ತೆರೆದರೆ ಬರೀ ಗಾಜು ಯಾವ ಆಸರೆಯೂ ಇಲ್ಲದೆ ನೆಟ್ಟಗೆ ನಿಂತಿರುತ್ತದೆ. ನೋಡುವುದಕ್ಕೆ ಬಲು ಚೆಂದ. ಬಾಗಿಲು ಹಾಕುವಾಗ ತಗಡನ್ನು ಹಿಡಿದು ಹಾಕಬೇಕು, ಗಾಜನ್ನು ಮುಟ್ಟಬಾರದು ಎಂದು ಮಿಧತ್ ಹೋಗುವಾಗ ನಾಲ್ಕು ಸಲ ಹೇಳಿದ್ದ. ಬಿಸಿಲಿಗೆ ಒಳಗೆ ಕಾದು ಹಾಳಾಗದಿರಲಿ ಅಂತ ಕಿಟಕಿಗಳನ್ನು ಸದಾ ನಾಲ್ಕು ಬೆರಳಷ್ಟು ಇಳಿಸಿಯೇ ಇರಬೇಕು ಎಂದೂ ಹೇಳಿದ್ದ. ವಗ್ದಿ ಎರಡನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಾಲಿಸಿದ್ದ.

ಆದರೆ ಕೈರೋದ ಶುಬ್ರಾ ಬಡಾವಣೆಯಲ್ಲಿ ವಗ್ದಿ ಇದ್ದ ಬೀದಿಗೆ ತನ್ನದೇ ಕಾನೂನಿತ್ತು. ಕಾರುಗಳು ಹೆಚ್ಚು, ಜಾಗ ಕಡಿಮೆ. ಹಾಗಾಗಿ ಎರಡು ಸಾಲಲ್ಲಿ ನಿಲ್ಲಿಸುತ್ತಾರೆ. ಹೊರಸಾಲಿನವರು ಗೇರು ಬಿಡಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ, ಬೀಗ ಹಾಕಿಕೊಂಡು ಮನೆಗೆ ಹೋಗಬೇಕು. ಒಳಸಾಲಿನವರು ಹೊರಡುವಾಗ ಅಡ್ಡ ಇರುವ ಕಾರನ್ನು ತಳ್ಳಿಕೊಂಡು ದಾರಿ ಮಾಡಿಕೊಳ್ಳುತ್ತಾರೆ. ಈ ತಳ್ಳುವ ಇಲಾಖೆಯ ಮುಖ್ಯಸ್ಥ ಬಯೂಮಿ. ಅವನನ್ನು ಯಾರೂ ನೇಮಿಸಿರಲಿಲ್ಲ, ಹಾಗಾಗಿ ಯಾರೂ ತೆಗೆದುಹಾಕುವ ಹಾಗೂ ಇರಲಿಲ್ಲ.

ಆ ಬೆಳಿಗ್ಗೆ ಮೂರನೇ ಮಹಡಿಯ ಶುಕ್ರಿ ಮೇಷ್ಟ್ರ ಮಗಳು ಇಬ್ತಿಸಾಮ್‌ಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಅವಳು ತುಂಬು ಬಸುರಿ, ಹೆರಿಗೆಗೆ ಅಂತ ತವರಿಗೆ ಬಂದವಳು. ಮೇಷ್ಟ್ರ ಕಾರು ಒಳಸಾಲಿನಲ್ಲಿತ್ತು, ಅದಕ್ಕೆ ಅಡ್ಡವಾಗಿ ವಗ್ದಿಯ ಕಾರಿತ್ತು. ಬಯೂಮಿ ಓಡಿಬಂದ. ಕೈಗೆ ಹಿಡಿತ ಸಿಗಲಿ ಅಂತ ನಾಲ್ಕು ಬೆರಳಷ್ಟು ಇಳಿದಿದ್ದ ಗಾಜಿನ ಅಂಚಿಗೆ ಎರಡೂ ಕೈ ಹಾಕಿ, ದೇವರ ಹೆಸರು ಹೇಳಿ ಜಗ್ಗಿದ. ಕಾರು ಮುಂದೆ ಹೋಯಿತು, ಗಾಜು ಹೋಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಇದು ಹೆರಿಗೆ ನೋವಲ್ಲ, ರಾತ್ರಿ ತಿಂದ ಫೂಲು ಎಂಬ ಹುರುಳಿ ಗೊಜ್ಜು ಕೊಟ್ಟ ನೋವು, ಇನ್ನೂ ಒಂದು ವಾರ ಇದೆ ಎಂದು ವಾಪಸು ಕಳಿಸಿದರು. ಅಂದರೆ ಮೂರು ವರ್ಷದ ತಪಸ್ಸು ಹುರುಳಿಕಾಳಿಗೆ ಮುರಿದುಬಿತ್ತು.

ವಗ್ದಿ ಕೆಳಗೆ ಬಂದಾಗ ಬಯೂಮಿ ಸೀಟಿನ ಮೇಲಿನ ಗಾಜಿನ ಹರಳುಗಳನ್ನು ಬೊಗಸೆಯಲ್ಲಿ ಎತ್ತುತ್ತಿದ್ದ.

"ಉಸ್ತಾದ್, ಬೇಜಾರು ಮಾಡ್ಕೋಬೇಡಿ. ಎಲ್ಲಾ ಕಾರಿಗೂ ಅಲ್ಲಿ ಒಂದು ಕಂಬಿ ಇರುತ್ತೆ. ನಿಮ್ಮದಕ್ಕೆ ಯಾಕಿಲ್ಲ?" ಎಂದ. ತಪ್ಪು ಕಾರಿನದೇ ಎಂದು ಅಲ್ಲಿಗೆ ತೀರ್ಮಾನವಾಯಿತು.

ಮೇಲಿನ ಬಾಲ್ಕನಿಯಿಂದ ನಜ್ವಾ ಒಂದೇ ಮಾತು ಹೇಳಿದಳು. "ಅಣ್ಣ ಬರೋದ್ರೊಳಗೆ ಸರಿ ಆಗಿರ್ಬೇಕು ರೀ. ನಾನು ಅವನಿಗೆ ಏನೂ ಹೇಳಲ್ಲ, ನೀವೂ ಹೇಳ್ಬೇಡಿ." ಹೇಳಿ ಒಳಗೆ ಹೋದಳು. ಬೀದಿಯವರೆಲ್ಲ ತಾವೂ ಹೇಳುವುದಿಲ್ಲ ಎಂದು ಅಲ್ಲೇ ನಿಂತು ಮಾತು ಕೊಟ್ಟರು.

ವಗ್ದಿ ಆರೋಗ್ಯ ಕಚೇರಿಯಲ್ಲಿ ಹುಟ್ಟಿದ ಮಕ್ಕಳ ಹೆಸರು ಬರೆಯುವ ಗುಮಾಸ್ತ. ಹುಷಾರಿಲ್ಲ ಎಂದು ರಜೆಯ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡು, ಅದನ್ನು ಕೊಡುವುದನ್ನೂ ಮರೆತು, ನೇರ ಬೂಲಾಕ್‌ನ ಗುಜರಿ ಪೇಟೆಗೆ ಹೋದ. ಕಾರು ತೆಗೆದುಕೊಂಡು ಹೋಗಲಿಲ್ಲ. ಗಾಜಿಲ್ಲದ ಕಾರು ಆ ಪೇಟೆಗೆ ಹೋದರೆ ಸೀಟೂ ಇಲ್ಲದೆ ವಾಪಸು ಬರುತ್ತದೆ ಎಂಬಷ್ಟು ಲೋಕಜ್ಞಾನ ಅವನಿಗಿತ್ತು.

ಹನ್ನೊಂದು ಅಂಗಡಿ ಸುತ್ತಿದ. ಎಲ್ಲರೂ ಚೌಕಟ್ಟಿರುವ ಕಾರಿನ ಗಾಜನ್ನೇ ತೋರಿಸಿ, ಇದೇ ಹಾಕಿ, ಸ್ವಲ್ಪ ಉಜ್ಜಿದರೆ ಕೂತುಕೊಳ್ಳುತ್ತದೆ ಎಂದರು. ಹನ್ನೆರಡನೆಯವನು ಹಾಜಿ ಜಗ್ಲೂಲ್. ಅವನು ಕಾರಿನ ಹೆಸರು ಕೇಳಿದ ಕೂಡಲೇ ಟೀ ತರಿಸಿದ. ಟೀ ಬಂತು ಅಂದರೆ ಮಾಲು ಇದೆ, ಅದು ಅವನ ಹತ್ತಿರ ಮಾತ್ರ ಇದೆ ಎಂದು ಅರ್ಥ. ಹಳೆ ಕಂಬಳಿಯಲ್ಲಿ ಸುತ್ತಿದ ಎರಡು ಗಾಜುಗಳನ್ನು ಹೊರಗೆ ತಂದ. ಒಂದು ಎಡದ್ದು, ಒಂದು ಬಲದ್ದು.

"ಇವು ಅಣ್ಣತಮ್ಮಂದಿರು, ಪಾಷಾ. ಬೇರೆ ಮಾಡೋಕೆ ನನ್ನ ಮನಸ್ಸು ಒಪ್ಪಲ್ಲ. ಎರಡನ್ನೂ ತಗೊಂಡ್ಹೋಗಿ, ಎರಡನೇದಕ್ಕೆ ಅರ್ಧ ಕೊಟ್ಟರೆ ಸಾಕು."

ವಗ್ದಿ ಒಳಗೊಳಗೇ ನಕ್ಕ. ಒಡೆದಿರುವುದು ಒಂದು, ಮಾರುವುದು ಎರಡು. ಇಂಥ ಮಾತಿಗೆ ಬೀಳುವವನು ಹಳ್ಳಿಯಿಂದ ಇವತ್ತೇ ರೈಲಿಳಿದವನಿರಬೇಕು ಎಂದುಕೊಂಡ. ಮೂರು ಟೀ ಮುಗಿಯುವವರೆಗೆ ಗುದ್ದಾಡಿ ಎಡಗಾಜನ್ನು ಮಾತ್ರ ಬಿಡಿಸಿಕೊಂಡ. ಮೂರು ವರ್ಷದಲ್ಲಿ ತಾನು ಮಾಡಿದ ಬುದ್ಧಿವಂತ ಕೆಲಸ ಇದೊಂದೇ ಎಂದು ಅವನಿಗೆ ಹೆಮ್ಮೆಯಾಯಿತು. ಹಾಜಿ ಬಲಗಾಜನ್ನು ಮತ್ತೆ ಕಂಬಳಿಯಲ್ಲಿ ಸುತ್ತುತ್ತಾ, ಸಂಜೆಯವರೆಗೆ ಇಟ್ಟಿರುತ್ತೇನೆ, ಮನಸ್ಸು ಬದಲಾದರೆ ಫೋನ್ ಮಾಡಿ ಎಂದ. ವಗ್ದಿ ಅವನ ಮುಖ ನೋಡಿ ಕನಿಕರಪಟ್ಟ.

ಗಾಜನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಮೈಕ್ರೋಬಸ್ಸಿನಲ್ಲಿ ಬಂದ. ಪಕ್ಕದ ಮುದುಕ ಅದನ್ನು ನೋಡಿ, ಟೀಪಾಯಿ ಮಾಡಿಸುತ್ತಿದ್ದೀರಾ ಎಂದು ಕೇಳಿದ. ಹೌದು ಎಂದ. ಮುದುಕ ದಾರಿಯುದ್ದಕ್ಕೂ ಟೀಪಾಯಿಯ ಕಾಲು ಹೇಗಿರಬೇಕು ಎಂದು ವಿವರಿಸಿದ.

ಗಾಜು ಕೂರಿಸಲು ಬಂದವನು ಮೇಸ್ತ್ರಿ ಫತೂಹ್. ಬಾಗಿಲಿನ ಒಳಹೊದಿಕೆ ಬಿಚ್ಚಿ, ತಳದಲ್ಲಿ ಬಿದ್ದಿದ್ದ ಹರಳುಗಳನ್ನು ಬಾಚಿ, ಗಾಜನ್ನು ಅದರ ಹಳಿಗೆ ಇಳಿಸಿ ನಟ್ಟು ಬಿಗಿದ. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು, ಆದರೆ ಚೌಕಟ್ಟಿಲ್ಲದ ಗಾಜಿನ ರಗಳೆಯೇ ಅಲ್ಲಿಂದ ಶುರು. ಅದು ಮೇಲೆದ್ದು ಛಾವಣಿಯ ರಬ್ಬರಿಗೆ ಸರಿಯಾಗಿ ಒತ್ತಬೇಕು. ಒಂದು ಕೂದಲೆಳೆ ಒಳಗಾದರೆ ಬಾಗಿಲು ಹಾಕಿಕೊಳ್ಳುವುದಿಲ್ಲ, ಒಂದು ಕೂದಲೆಳೆ ಹೊರಗಾದರೆ ಗಾಳಿ ಸಿಳ್ಳೆ ಹೊಡೆಯುತ್ತದೆ. ಫತೂಹ್ ಒಂದು ಹಾಳೆ ಕೇಳಿದ. ವಗ್ದಿ ಜೇಬಿನಲ್ಲಿದ್ದ ರಜೆಯ ಅರ್ಜಿ ಕೊಟ್ಟ. ಫತೂಹ್ ಅದನ್ನು ಗಾಜು ಮತ್ತು ರಬ್ಬರಿನ ನಡುವೆ ಸಿಕ್ಕಿಸಿ ಬಾಗಿಲು ಹಾಕಿ ಎಳೆದ, ಸಲೀಸಾಗಿ ಬಂತು. ಸಡಿಲ. ಮತ್ತೆ ನಟ್ಟು ತಿರುಗಿಸಿ ಎಳೆದ. ಅರ್ಜಿ ಹರಿದು ಎರಡಾಯಿತು. ಬಿಗಿ.

ಅಷ್ಟು ಹೊತ್ತಿಗೆ ಸಲಹಾ ಸಮಿತಿ ಸೇರಿತ್ತು. ಶುಕ್ರಿ ಮೇಷ್ಟ್ರು ಭೂಗೋಳ ಕಲಿಸಿದವರು; ಗಾಳಿ ಉತ್ತರದಿಂದ ಬೀಸುವುದರಿಂದ ಗಾಜು ಸ್ವಲ್ಪ ದಕ್ಷಿಣಕ್ಕೆ ವಾಲಿರಬೇಕು ಎಂದರು. ಬಯೂಮಿ ಸೋಪು ಹಚ್ಚಿ ಎಂದ. ಪ್ರತಿಯೊಬ್ಬನೂ ಬಾಗಿಲನ್ನು ತಾನೊಮ್ಮೆ ಹಾಕಿ ನೋಡಿದ, ಅದೂ ಗಾಜನ್ನೇ ಹಿಡಿದು. ಒಬ್ಬೊಬ್ಬ ಹಾಕಿದಾಗಲೂ ವಗ್ದಿಯ ಜೀವ ಬಾಯಿಗೆ ಬಂದು ವಾಪಸು ಹೋಗುತ್ತಿತ್ತು. ಕೊನೆಗೆ ಅವನಿಗೆ ತಡೆಯಲಾಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಇದು ಹೊಸ ಗಾಜು. ಈ ಎಡಗಡೆ ಗಾಜು ಯಾರೂ ಮುಟ್ಟಬಾರದು. ನಿಮ್ಮ ಕೈ ಮುಗೀತೀನಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಬೀದಿ ಕರಗಿಹೋಯಿತು. ಎಡಗಾಜನ್ನು ಕಣ್ಣಿನ ಹಾಗೆ ಕಾಯುತ್ತೇವೆ ಎಂದು ಬಯೂಮಿ ತಲೆ ಮುಟ್ಟಿ ಹೇಳಿದ.

ಮೂರು ಗಂಟೆಗೆ ಅರ್ಜಿಯ ಉಳಿದ ಚೂರು ಹರಿಯಲೂ ಇಲ್ಲ, ಸಲೀಸಾಗಿ ಬರಲೂ ಇಲ್ಲ. ಗಾಜು ಕೂತಿತು. ಎಂಥಾ ಗಾಜು ಅಂತೀರಿ, ಮಿಧತ್ ಬಿಟ್ಟು ಹೋದದ್ದಕ್ಕಿಂತ ಚೆನ್ನಾಗಿತ್ತು.

ಆಮೇಲೆ ವಗ್ದಿ ಒಂದು ಕೆಲಸ ಮಾಡಿದ. ಅತಿಬುದ್ಧಿ ಬಂದಾಗ ಮನುಷ್ಯ ಮಾಡುವಂಥದ್ದು. ಬೀದಿಯವರ ಮಾತಿನ ಮೇಲೆ ಎಷ್ಟು ಭರವಸೆ ಇಡಬಹುದು ಎಂದು ಅವನಿಗೆ ಗೊತ್ತಿತ್ತು. ಎರಡೂ ಗಾಜು ಪೂರ್ತಿ ಏರಿಸಿದ. ಕಾರನ್ನು ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕನ್ನು ಇನ್ನು ಏಳದು ಎನ್ನುವಷ್ಟು ಎಳೆದು, ಬೀಗ ಹಾಕಿ, ಕೀಲಿ ಜೇಬಿಗಿಳಿಸಿದ. ಕಾರು ಇದ್ದದ್ದು ಹೊರಸಾಲಿನಲ್ಲಿ, ಮೇಷ್ಟ್ರ ಕಾರಿಗೆ ಅಡ್ಡವಾಗಿ. ಆ ಬೀದಿಯಲ್ಲಿ ಹೊರಸಾಲಿನವನು ಹ್ಯಾಂಡ್‌ಬ್ರೇಕ್ ಎಳೆಯುವುದು, ಮದುವೆ ಮನೆಯಲ್ಲಿ ಅಡುಗೆಮನೆಗೆ ಬೀಗ ಜಡಿದ ಹಾಗೆ. ಆದರೆ ಮೂರೇ ಗಂಟೆಯ ಮಾತು, ಅಷ್ಟರಲ್ಲಿ ಏನು ಮುಳುಗಿಹೋಗುತ್ತದೆ ಎಂದುಕೊಂಡು ಟ್ಯಾಕ್ಸಿ ಹಿಡಿದು ವಿಮಾನ ನಿಲ್ದಾಣಕ್ಕೆ ಹೋದ.

ಮಿಧತ್ ದಪ್ಪಗಾಗಿ ಬಂದಿದ್ದ, ಜೊತೆಗೆ ನಾಲ್ಕು ಪೆಟ್ಟಿಗೆ. ಕಾರೆಲ್ಲಿ ಎಂದು ಮೊದಲು ಕೇಳಿದ, ತಂಗಿ ಹೇಗಿದ್ದಾಳೆ ಎಂದು ಆಮೇಲೆ ಕೇಳಿದ. ಧೂಳು ಕೂರುತ್ತದೆ ಅಂತ ತರಲಿಲ್ಲ ಭಾವ ಎಂದ ವಗ್ದಿ. ಮಿಧತ್‌ಗೆ ಆ ಉತ್ತರ ಬಹಳ ಹಿಡಿಸಿತು.

ಆರು ಗಂಟೆಗೆ ಬೀದಿಗೆ ಬಂದರು. ಕಾರು ಇದ್ದ ಜಾಗದಲ್ಲಿ ಇರಲಿಲ್ಲ. ಇಪ್ಪತ್ತು ಹೆಜ್ಜೆ ಮುಂದೆ, ಇಸ್ತ್ರಿ ಅಂಗಡಿಯ ಎದುರಿಗಿತ್ತು. ವಗ್ದಿ ಪೆಟ್ಟಿಗೆ ಕೆಳಗಿಟ್ಟು ಮಿಧತ್‌ಗಿಂತ ಮೊದಲೇ ಅತ್ತ ಓಡಿದ. ಆದರೆ ಅವರಿಗೆ ಕಾಣುತ್ತಿದ್ದ ಎಡಮೈ ಫಳಫಳ ಹೊಳೆಯುತ್ತಿತ್ತು. ಮಿಧತ್ ಬೆರಳನ್ನು ಮೂತಿಯಿಂದ ಬಾಲದವರೆಗೆ ಎಳೆದ. ಗಾಜಿನ ಹತ್ತಿರ ಬಗ್ಗಿ ತನ್ನ ಮೀಸೆ ನೋಡಿಕೊಂಡ. ಆಮೇಲೆ ವಗ್ದಿಯ ಹೆಗಲ ಮೇಲೆ ಕೈ ಹಾಕಿ, "ನಿನ್ನ ಕೈಲಿ ಆಗಲ್ಲ ಅಂದ್ಕೊಂಡಿದ್ದೆ ಕಣೋ. ಮಾತು ಅಂದ್ರೆ ಮಾತು. ನಾಳೇನೇ ಕಾಗದ ಮಾಡಿಸೋಣ" ಎಂದ.

ಮೂರು ವರ್ಷದಲ್ಲಿ ವಗ್ದಿ ಇಷ್ಟು ಸುಖಪಟ್ಟ ಗಳಿಗೆ ಇನ್ನೊಂದಿರಲಿಲ್ಲ. ಅದು ಇದ್ದದ್ದೂ ಒಂದೇ ಗಳಿಗೆ. ಅಷ್ಟರಲ್ಲಿ ಬಯೂಮಿ ಎರಡೂ ಕೈ ಚಾಚಿಕೊಂಡು ಓಡಿಬಂದ.

"ಉಸ್ತಾದ್, ಇಬ್ತಿಸಾಮ್‌ಗೆ ಗಂಡು ಮಗು! ನೀವು ಹೆದರ್ಕೋಬೇಡಿ, ಹೊಸ ಗಾಜನ್ನ ನಾವು ಮುಟ್ಟಲೇ ಇಲ್ಲ. ನಿಮಗೆ ಕೊಟ್ಟ ಮಾತು ಉಳಿಸ್ಕೊಂಡಿದೀವಿ. ಬಲಗಡೇದನ್ನ ಒಡೆದ್ವಿ."

"ಹೊಸ ಗಾಜಾ?" ಎಂದ ಮಿಧತ್. ಆಮೇಲೆ, "ಒಡೆದ್ರಾ?" ಎಂದ.

ಬೀದಿ ಸಂತೋಷದಿಂದ ಇಬ್ಬರನ್ನೂ ಸುತ್ತಿಕೊಂಡು ನಡೆದದ್ದನ್ನೆಲ್ಲ ಹೇಳಿತು. ನಾಲ್ಕೂವರೆಗೆ ಇಬ್ತಿಸಾಮ್‌ಗೆ ನೋವು ಬಂತು, ಈ ಸಲ ಹುರುಳಿಯದಲ್ಲ. ಕರೆಸಿದ ಟ್ಯಾಕ್ಸಿಯವನು ಅವಳನ್ನು ನೋಡಿ, ನೆನ್ನೆ ತಾನೇ ಸೀಟಿಗೆ ಕವರು ಹಾಕಿಸಿದ್ದೇನೆ ಎಂದು ಪರಾರಿಯಾದ. ಮೇಷ್ಟ್ರ ಕಾರಿಗೆ ವಗ್ದಿಯ ಕಾರು ಅಡ್ಡ. ತಳ್ಳಿದರು, ಅಲುಗಲಿಲ್ಲ. ಎಂಟು ಜನ ಸೇರಿ ಎತ್ತಿದರು, ಎರಡು ಬೆರಳು ಸರಿಯಿತು, ಇಬ್ಬರಿಗೆ ಸೊಂಟ ಹಿಡಿಯಿತು. ವಗ್ದಿಗೆ ಫೋನ್ ಮಾಡಿದರೆ, ಎಡವಟ್ಟಿನ ಮೇಲೆ ಎಡವಟ್ಟು, ಫೋನು ಮನೆಯಲ್ಲೇ ರಿಂಗಾಯಿತು. ಆಗ ಬಾಲ್ಕನಿಯಿಂದ ನಜ್ವಾಳೇ ಕೂಗಿ ಹೇಳಿದಳಂತೆ, ಗಾಜು ಒಡೆದು ಬ್ರೇಕ್ ಇಳಿಸಿ, ಎಡಗಡೆಯದು ಮಾತ್ರ ಬೇಡ, ನಮ್ಮೆಜಮಾನರು ಅದಕ್ಕೆ ಬೆಳಿಗ್ಗೆಯಿಂದ ಜೀವ ತೇಯ್ದಿದ್ದಾರೆ ಎಂದು. ಮೇಷ್ಟ್ರ ಕಾರು ಆಸ್ಪತ್ರೆ ಬಾಗಿಲಿಗೆ ಮುಟ್ಟಿದ ಐದು ನಿಮಿಷಕ್ಕೆ ಹೆರಿಗೆಯಾಯಿತು.

ಶುಕ್ರಿ ಮೇಷ್ಟ್ರು ಮುಂದೆ ಬಂದು ಮಿಧತ್‌ನ ಎರಡೂ ಕೆನ್ನೆಗೆ ಮುತ್ತಿಟ್ಟರು. ಕಾರಿನ ಯಜಮಾನರ ಋಣ ದೊಡ್ಡದು, ಅದಕ್ಕೇ ಮೊಮ್ಮಗನಿಗೆ ಮಿಧತ್ ಅಂತಲೇ ಹೆಸರಿಟ್ಟಿದ್ದೇವೆ ಎಂದರು. ವಗ್ದಿಯ ಕಡೆ ತಿರುಗಿ, ನಾಳೆ ಜನನ ಪತ್ರಕ್ಕೆ ನಿಮ್ಮ ಕಚೇರಿಗೇ ಬರುತ್ತೇನೆ, ಹೆಸರನ್ನು ಸ್ವಲ್ಪ ದುಂಡಗೆ ಬರೆಯಿರಿ ಎಂದು ಕೇಳಿಕೊಂಡರು.

ತನ್ನ ಹೆಸರಿನ ಮಗು ಹುಟ್ಟಿದ ಮೇಲೆ ಮಿಧತ್ ಗಾಜಿನ ವಿಷಯಕ್ಕೆ ಸಿಟ್ಟಾಗುವ ಹಾಗಿರಲಿಲ್ಲ. ಬೀದಿಯನ್ನು ಕ್ಷಮಿಸಿದ. ಬಯೂಮಿಗೆ ಕುವೈತಿನ ಸೆಂಟು ಬಾಟಲಿ ಕೊಟ್ಟ. ಬೆಳಗಿನ ಗಾಜನ್ನೂ ಸಂಜೆಯ ಗಾಜನ್ನೂ ದೇವರ ಇಚ್ಛೆ ಎಂದು ಬಿಟ್ಟುಬಿಟ್ಟ. ವಗ್ದಿಗೆ ಆಸೆ ಮತ್ತೆ ಚಿಗುರುವುದರಲ್ಲಿತ್ತು.

"ಆದ್ರೆ ವಗ್ದಿ," ಎಂದ ಮಿಧತ್ ಬೇಸರದಿಂದ, "ಶುಬ್ರಾದಲ್ಲಿ ಹುಟ್ಟಿ ಬೆಳೆದವನು ಹ್ಯಾಂಡ್‌ಬ್ರೇಕ್ ಎಳೀತಾನೇನೋ? ತುಂಬು ಬಸುರಿ ಇರೋ ಮನೆ ಮುಂದೆ? ಇಂಥವನ ಕೈಗೆ ಕಾರು ಕೊಡೋದು ಹೇಗೆ?"

ಇಡೀ ಬೀದಿ ತಲೆದೂಗಿತು. ಬಯೂಮಿಯೂ ತೂಗಿದ, ಅವನಿಗೆ ಸಂಜೆಯಿಂದ ಅದೇ ಹೇಳಬೇಕು ಅನ್ನಿಸುತ್ತಿತ್ತಂತೆ. ಇನ್ನು ಮೂರು ವರ್ಷ ನೋಡೋಣ ಎಂದು ಮಿಧತ್ ತೀರ್ಪು ಕೊಟ್ಟು, ಬಲಗಾಜು ನಾಳೆಯೊಳಗೆ ಬರಲಿ ಎಂದು ಮೆಟ್ಟಿಲು ಹತ್ತಿದ.

ವಗ್ದಿ ಮನೆಗೆ ಓಡಿ ಫೋನ್ ತೆಗೆದು ಹಾಜಿ ಜಗ್ಲೂಲ್‌ಗೆ ಮಾಡಿದ. ಹಾಜಿ ಬಹಳ ಮರುಕದಿಂದ, ಅರ್ಧ ಗಂಟೆ ಮುಂಚೆ ಹೋಯಿತಲ್ಲ ಪಾಷಾ ಎಂದ. ಯಾರಿಗೆ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ವಗ್ದಿಯ ಕಣ್ಣು ಬಾಲ್ಕನಿಯ ಕೆಳಗೆ ಬಿತ್ತು. ಬೀದಿಯ ತುದಿಯಿಂದ ಮೇಸ್ತ್ರಿ ಫತೂಹ್ ನಿಧಾನಕ್ಕೆ ಬರುತ್ತಿದ್ದ. ಅವನ ಕಂಕುಳಲ್ಲಿ ಹಾಜಿಯ ಹಳೆ ಕಂಬಳಿ ಇತ್ತು.

"ಬಯೂಮಿ ಫೋನ್ ಮಾಡಿದ್ದ ಉಸ್ತಾದ್," ಎಂದು ಅವನು ಕೆಳಗಿನಿಂದಲೇ ಹೇಳಿದ. "ಗಿರಾಕಿ ಕೈತಪ್ಪಬಾರದು ಅಂತ ನಾನೇ ಹೋಗಿ ತಂದೆ. ರೇಟು ಮಾತ್ರ ಎರಡರಷ್ಟು. ಒಂಟಿ ಗಾಜು ನೋಡಿ, ಎಲ್ಲೂ ಸಿಗಲ್ಲ. ಬರುವಾಗ ಒಂದು ಹಾಳೆ ತಗೊಂಡು ಬನ್ನಿ."