ಷಡ್ಡಕರ ಶುಗರ್ ಪಂದ್ಯ

ಶುಗರ್ ಕಾಯಿಲೆ ರಕ್ತದಲ್ಲಿ ಇರುತ್ತದೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ತಲೆಗೇರಿದೆ. ಹಾಗಾಗಿ ನಗೆಪಾಟಲಿಗೆ ನಮ್ಮಲ್ಲಿ ಬರವೇ ಇಲ್ಲ.

ಬೆಳಗಿನ ಫೋನು

ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಬೆಳಗಾದರೆ ಸಾಕು, ದೇವರಿಗೆ ಕೈ ಮುಗಿಯುವ ಮೊದಲೇ ನಮ್ಮ ಯಜಮಾನರು ಬೆರಳು ಚುಚ್ಚಿಕೊಂಡು ಕೂರುತ್ತಾರೆ. ಬಟ್ಟೆ ಅಂಗಡಿ ಮಗನಿಗೆ ಬಿಟ್ಟುಕೊಟ್ಟ ಮೇಲೆ ಇದೇ ಅವರ ಕಸುಬು. ಮೀಟರಿನಲ್ಲಿ ಬಂದ ನಂಬರನ್ನು ತಕ್ಷಣ ಹರಿಹರದಲ್ಲಿರುವ ನನ್ನ ತಂಗಿಯ ಗಂಡನಿಗೆ ಫೋನು ಮಾಡಿ ಹೇಳಬೇಕು. ಯಾರದು ಕಮ್ಮಿಯೋ ಅವರು ಗೆದ್ದಂತೆ.

"ಏನಪ್ಪಾ, ನಂದು ನೂರಾ ಎಂಟು. ನಿಂದೆಷ್ಟು?"

"ತೊಂಬತ್ತೊಂಬತ್ತು ರೀ, ಅಣ್ಣಾರೆ."

ಮುಗಿಯಿತು, ಆ ದಿನವೆಲ್ಲ ಮನೆಯಲ್ಲಿ ಸೂತಕದ ಕಳೆ. ಯಾರ ಮನೆ ದೊಡ್ಡದು, ಯಾರ ಕಾರು ದೊಡ್ಡದು ಅಂತ ಜೀವಮಾನವಿಡೀ ಪೈಪೋಟಿ ಮಾಡಿದ ಷಡ್ಡಕರು ಈಗ ಯಾರ ರಕ್ತ ಸಪ್ಪೆ ಅಂತ ಹಟ ಹಿಡಿದಿದ್ದಾರೆ.

ಬೆರಳಿನ ವಾಸ್ತು

ಸೋತರೆ ತಪ್ಪು ಬೆರಳಿನದು. "ಈ ಬೆರಳು ಸರಿ ಇಲ್ಲ" ಅನ್ನುತ್ತ ಪಕ್ಕದ್ದಕ್ಕೆ ಚುಚ್ಚುತ್ತಾರೆ. ಒಮ್ಮೆ ಪೂರ್ವಕ್ಕೆ ಮುಖ ಮಾಡಿ ಎಡಗೈಯ ಉಂಗುರದ ಬೆರಳು ಚುಚ್ಚಿದಾಗ ಕಮ್ಮಿ ಬಂತು. ಅಂದಿನಿಂದ ಕುರ್ಚಿಯೂ ಅದೇ ದಿಕ್ಕಿಗೆ, ಸೂಜಿಯೂ ಅದೇ ಬೆರಳಿಗೆ. ಪಾಪ, ಆ ಬೆರಳು ಜರಡಿಯಾಗಿದೆ.

"ಬಲಗೈಗಾದ್ರೂ ಚುಚ್ಕಳ್ರಿ" ಅಂದೆ.

"ಬ್ಯಾಡ. ಬೆಣ್ಣೆದೋಸೆ ತಿನ್ನಾಕೆ ಆ ಕೈ ಬೇಕು."

ಗ್ರೇಸ್ ಮಾರ್ಕ್ಸು

ನಮ್ಮ ಡಾಕ್ಟರಮ್ಮ ಬಿಡಿಸಿ ಹೇಳಿದರು: "ನಿಮ್ಗೆ ವಯಸ್ಸಾಗೈತೆ, ಹೃದಯಕ್ಕೆ ಸ್ಟೆಂಟ್ ಐತೆ. ಬೆಳಿಗ್ಗೆ ನೂರರಿಂದ ನೂರೈವತ್ತರೊಳಗೆ ಇದ್ರೆ ಸಾಕು. ಎಪ್ಪತ್ತರ ಕೆಳಗೆ ಹೋದ್ರೆ ಜೀವಕ್ಕೇ ಅಪಾಯ."

ಇವರಿಗೆ ಸಿಟ್ಟು ಬಂತು. "ಹರಿಹರದೋನಿಗೆ ನೂರಾ ಮೂವತ್ತು ದಾಟಬಾರ್ದು ಅಂದಾರಂತೆ. ನಂಗ್ಯಾಕ ಗ್ರೇಸ್ ಮಾರ್ಕ್ಸು?"

"ಅವ್ರು ನಿಮಗಿಂತ ಚಿಕ್ಕೋರು, ಗಟ್ಟಿಯಾಗಿದಾರೆ. ಒಬ್ಬೊಬ್ಬರಿಗೆ ಒಂದೊಂದು ಗುರಿ ಇರ್ತೈತ್ರಿ."

ಮನೆ ಮುಂದೆ ಆಟೋ ಇಳಿಯುವಾಗ ಯಜಮಾನರು ಅಂದರು: "ಈ ಡಾಕ್ಟ್ರು ಬ್ಯಾಡ. ಜಾಸ್ತಿ ಇದ್ರೂ ಬೈಯಲ್ಲ ಅಂದ್ರೆ ಓದಿರೋದೇ ಡೌಟು."

ಸೀಮಂತದ ದಿನ

ತಂಗಿಯ ಸೊಸೆಯ ಸೀಮಂತಕ್ಕೆ ಹರಿಹರಕ್ಕೆ ಹೋದೆವು. ಊಟಕ್ಕೆ ಮುಂಚೆ ಎದುರಾಬದುರು ಕೂತು ಚುಚ್ಚಿಕೊಳ್ಳುವುದೆಂದು ಷಡ್ಡಕರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರಂತೆ. ಗೆಲ್ಲಲೇಬೇಕೆಂದು ಇಬ್ಬರೂ ಶುಗರ್ ಮಾತ್ರೆ ನುಂಗಿ, ತಿಂಡಿ ಬಿಟ್ಟು ಕೂತಿದ್ದರು. ನಮಗೆ, ಹೆಂಡಂದಿರಿಗೆ, ಇದರ ಸುಳಿವೇ ಇಲ್ಲ. ಫೋಟೋದವರು ಬಿಡದೆ ಊಟ ಬೇರೆ ತಡವಾಯಿತು.

ನಾನು ನಡುಮನೆಗೆ ಬಂದು ನೋಡಿದರೆ ಯಜಮಾನರ ಮೈಯೆಲ್ಲ ಬೆವರು, ಕೈ ಗಡಗಡ. ಆದರೂ ಮೀಟರನ್ನು ಮೇಲೆತ್ತಿ, "ಐವತ್ತೆಂಟು! ಇನ್ನ ನಾನೇ ಗೆಲ್ಲೋದು!" ಅಂತ ಕೂಗಿ ಸೋಫಾಕ್ಕೆ ಒರಗಿಬಿಟ್ಟರು.

ಅಡುಗೆಮನೆಗೆ ಓಡಿ ಬೆಲ್ಲದ ಪಾನಕ ತಂದು ಲೋಟ ಅವರ ತುಟಿಗಿಟ್ಟೆ. ಈ ಮಹಾನುಭಾವರು ಮುಖ ತಿರುಗಿಸಿದರು.

"ಮೊದ್ಲು ಅವಂಗೆ ಮೀಟರ್ ತೋರ್ಸು. ಕುಡಿದ್ರೆ ಏರ್ತೈತೆ."

"ಏರ್ಲಿ ಅಂತಾನೇ ಕುಡಿಸ್ತಿರೋದು! ಹಿಂಗೇ ಇಳಿಸ್ತಾ ಹೋಗಿ ಸೊನ್ನೆ ಮುಟ್ರಿ, ಫಸ್ಟ್ ಪ್ರೈಜ್ ನಿಮ್ದೇ. ತಗೊಳ್ಳಾಕೆ ನೀವಿರಲ್ಲ, ಅಷ್ಟೇ!" ಅಂತ ಬೈದು, ಗುಟುಕು ಗುಟುಕಾಗಿ ಕುಡಿಸಿದೆ. ಎದುರಿನ ಸೋಫಾದಲ್ಲಿ ಬೆವರುತ್ತಿದ್ದ ತನ್ನ ಗಂಡನಿಗೆ ತಂಗಿಯೂ ಬೈಯುತ್ತಲೇ ಕುಡಿಸುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಇವರ ನಡುಕ ನಿಂತಿತು. ಮತ್ತೆ ಚುಚ್ಚಿದರೆ ನೂರಾ ಹನ್ನೆರಡು, ಡಾಕ್ಟರಮ್ಮ ಹೇಳಿದ ಲೆಕ್ಕದೊಳಗೇ ಇತ್ತು. ಹೋದ ಜೀವ ಬಂದಂತಾಗಿ ನಾನು ಅತ್ತೇಬಿಟ್ಟೆ. ಯಜಮಾನರು ಮೆಲ್ಲಗೆ ಕಣ್ಣು ಬಿಟ್ಟು, ಎಂದೂ ಇಲ್ಲದ ಅಕ್ಕರೆಯಿಂದ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು. ಇಷ್ಟು ವರ್ಷಕ್ಕೆ ಒಂದು ಒಳ್ಳೆ ಮಾತು ಆಡುತ್ತಾರೆ ಅಂದುಕೊಂಡು ಕಿವಿಗೊಟ್ಟೆ.

"ಅವಂದು ಎಷ್ಟು ಬಂತೇ?"