ಎರವಿನ ಎತ್ತು

ಕೆಲವರಿಗೆ ಹಾಡಲು ಬರುತ್ತದೆ, ಕೆಲವರಿಗೆ ಈಜಲು ಬರುತ್ತದೆ, ನನಗೆ ಬೆಚ್ಚಿಬೀಳಲು ಬರುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಹಿಂದಿನಿಂದ ಯಾರಾದರೂ ‘ಮಾಸ್ತರ’ ಎಂದರೆ ಸಾಕು, ಕೈಯಲ್ಲಿದ್ದ ಸೀಮೆಸುಣ್ಣ ನೆಲದ ಮೇಲಿರುತ್ತದೆ. ಒಲೆಯ ಮೇಲೆ ಹಾಲು ಉಕ್ಕಿದರೆ ಹಾಲಿಗಿಂತ ಮೊದಲು ನಾನು ಎದ್ದಿರುತ್ತೇನೆ. ನನ್ನ ಕೆಲಸವೋ ಜನರಿಗೆ ಧೈರ್ಯ ಹೇಳುವುದು. ಹಗಲೆಲ್ಲ ಸಾಲಿ ಮಾಸ್ತರ, ರವಿವಾರ ಸಭೆಯ ಉಪದೇಶಿ. ಒಮ್ಮೆ ದೇವರನ್ನು ನಂಬಿದವನು ಯಾವುದಕ್ಕೂ ಅಂಜಬಾರದೆಂದು ಮನಮುಟ್ಟುವಂತೆ ಉಪದೇಶ ಮಾಡುತ್ತಿದ್ದಾಗ ಮಾಡಿನಿಂದ ಹೆಗಲ ಮೇಲೆ ಹಲ್ಲಿ ಬಿತ್ತು. ಉಳಿದ ಉಪದೇಶವನ್ನು ಅಂಗಳದಿಂದ ಮಾಡಿದೆನೆಂದು ನನ್ನ ಹೆಂಡತಿ ರೂತವ್ವ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಅಂಗಳದಿಂದಲ್ಲ, ಹೊಸ್ತಿಲಿನಿಂದ. ಆದರೆ ಗಂಡನ ತಿದ್ದುಪಡಿಗೆ ಯಾವ ಮನೆಯಲ್ಲಿ ಬೆಲೆಯಿದೆ?

ಆಗ ನಾವು ಕೌಜಲಗಿಯಲ್ಲಿದ್ದೆವು. ನಮ್ಮ ಕ್ರೈಸ್ತ ಸಭೆ ಎಷ್ಟು ದೊಡ್ಡದೆಂದು ಯಾರಾದರೂ ಕೇಳಿದರೆ ನಾನು ಜಮಖಾನೆಯ ಲೆಕ್ಕದಲ್ಲಿ ಹೇಳುತ್ತಿದ್ದೆ. ನಾವು ಬಂದಾಗ ಅದು ಒಂದು ಜಮಖಾನೆಯ ಸಭೆ. ಅದರಲ್ಲೂ ಒಂದು ಮೂಲೆ ಖಾಲಿ ಉಳಿಯುತ್ತಿತ್ತು, ಅಲ್ಲಿ ಊರ ಬೆಕ್ಕೊಂದು ಶ್ರದ್ಧೆಯಿಂದ ಕುಳಿತು ಕೇಳುತ್ತಿತ್ತು. ಇದಕ್ಕೆ ಮೊದಲು ನಾವು ಹಲವು ಊರು ನೋಡಿದ್ದೆವು. ಹೋದ ಊರಲ್ಲೆಲ್ಲ ರೂತವ್ವ ಒಂದು ನುಗ್ಗೆಯ ಟೊಂಗೆ ನೆಡುವಳು. ಅದು ಬೇರು ಬಿಟ್ಟು, ಚಿಗುರಿ, ಇನ್ನೇನು ಕಾಯಿ ಬಿಡಬೇಕು ಅನ್ನುವಾಗ ನಮಗೆ ವರ್ಗವಾಗುತ್ತಿತ್ತು. ನಮ್ಮ ನುಗ್ಗೆಯ ಸಾರನ್ನು ಮುಂದಿನ ಮಾಸ್ತರರು ಉಂಡರು. ಕೌಜಲಗಿಯಲ್ಲಿ ಟೊಂಗೆ ನೆಡುವಾಗ ಅವಳು ಮಣ್ಣಿನ ಕೈಯನ್ನು ನನ್ನತ್ತ ತೋರಿಸಿ, “ಈ ಗಿಡದ ಕಾಯಿ ನಾನ ಹರಿಯಾಕಿ. ಕೇಳಿಸ್ತಿಲ್ಲೋ? ಇನ್ನೊಮ್ಮಿ ಟ್ರಂಕ್ ತುಂಬಾಕ ನನ್ನ ಕೈಲೆ ಆಗಾಂಗಿಲ್ಲ” ಎಂದಳು. ವರ್ಗ ಮಾಡುವವನು ನಾನೇ ಎನ್ನುವಂತೆ ಹೇಳಿದಳು.

ಆ ವರ್ಷ ನಾವು ದುಡಿದೆವು, ಸುಳ್ಳಲ್ಲ. ಮಳೆ ನಿಂತ ಮೇಲೆ ಊರಿಗೆ ಚಳಿಜ್ವರ ಬಂತು. ರೂತವ್ವ ಬೆಳಗಾವಿಯಿಂದ ಬಂದ ಕಹಿ ಔಷಧದ ಬಾಟಲಿ ಹಿಡಿದು ಓಣಿ ಓಣಿ ತಿರುಗಿದಳು. ಔಷಧ ಉಗುಳಿದವರ ಮೂಗು ಹಿಡಿದು ಕುಡಿಸಿದಳು. ಅವರಲ್ಲಿ ಊರ ಹಿರಿಯರಾದ ಶಿವನಗೌಡರ ತಾಯಿಯೂ ಒಬ್ಬರೆಂದು ಆಮೇಲೆ ತಿಳಿದು ನಾನು ಬೆಚ್ಚಿಬಿದ್ದೆ. ಊರ ಗೌಡರ ತಾಯಿಯ ಮೂಗು! ಇನ್ನು ನಾಳೆಯಿಂದ ಸಾಲಿಗೆ ಒಬ್ಬ ಹುಡುಗನೂ ಬರುವುದಿಲ್ಲ ಎಂದುಕೊಂಡೆ. ಆದರೆ ಮುದುಕಿ ಎದ್ದು ಕುಳಿತು ಜೋಳದ ರೊಟ್ಟಿ ಕೇಳಿದಳು. ಮರುವಾರ ಗೌಡರು ತಾವೇ ಸ್ಲೇಟು ಹಿಡಿದು ನನ್ನ ಸಂಜೆಯ ಸಾಲಿಗೆ ಬಂದರು. ಕೋರ್ಟಿನ ಕಾಗದಗಳನ್ನು ಇನ್ನೊಬ್ಬರಿಂದ ಓದಿಸಿಕೊಂಡು ಸಾಕಾಗಿದೆ ಎಂದರು. ಗೌಡರು ಬಂದ ಮೇಲೆ ಉಳಿದವರೂ ಬಂದರು. ಪಾಠ ಮುಗಿದ ಮೇಲೆ ನಾನೊಂದು ಕೀರ್ತನೆ ಹಾಡಿಸುತ್ತಿದ್ದೆ, ಅವರು ತಾಳ ಹಾಕಿ ಹಾಡಿ, ಮನೆಗೆ ಹೋಗುತ್ತ ದಾರಿಯಲ್ಲಿ ಬಸವಣ್ಣನ ಗುಡಿಗೆ ಕೈಮುಗಿದು ಹೋಗುತ್ತಿದ್ದರು. ಹೀಗೆ ಇಡೀ ಊರು ನಮ್ಮ ಬಳಕೆಯದಾಯಿತು. ರವಿವಾರದ ಸಭೆ ಮಾತ್ರ ವರ್ಷದ ಕೊನೆಗೆ ಒಂದೂವರೆ ಜಮಖಾನೆಗೆ ಬಂದು ನಿಂತಿತು. ಬೆಕ್ಕಿಗೆ ಜಾಗ ಇರಲಿಲ್ಲವಾದ್ದರಿಂದ ನಾನಂತೂ ಇದನ್ನು ಬೆಳವಣಿಗೆ ಎಂದೇ ತಿಳಿದಿದ್ದೆ.

ಕ್ರಿಸ್ಮಸ್ಸಿಗೆ ಮುಂಚೆ ಸುದ್ದಿ ಬಂತು. ಬೆಳಗಾವಿಯ ಹಿರಿಯ ಅಯ್ಯನವರು, ಅಂದರೆ ನಮ್ಮ ದೊಡ್ಡ ಪಾದ್ರಿಗಳು, ಮುಂದಿನ ರವಿವಾರ ಸಭೆ ನೋಡಲು ಬರುತ್ತಾರೆ. ಸಭೆ ಬೆಳೆದಿಲ್ಲವೆಂದು ಕಂಡರೆ ಕೌಜಲಗಿಯ ಸಾಲಿಯನ್ನೂ ಸಭೆಯನ್ನೂ ಮುಚ್ಚಿ ನಮ್ಮವರನ್ನು ಗೋಕಾಕದ ಸಭೆಗೆ ಸೇರಿಸುತ್ತಾರೆ. ಅಂದು ಸಂಜೆಯ ಸಾಲಿಯಲ್ಲಿ ನಾನು ಬೋರ್ಡಿನ ಮೇಲೆ ಒಂದೇ ಅಕ್ಷರವನ್ನು ಮತ್ತೆ ಮತ್ತೆ ಬರೆಯುತ್ತಿದ್ದುದನ್ನು ನೋಡಿ ಗೌಡರು ಏನಾಯಿತೆಂದು ಕೇಳಿದರು. ನಾನು ಹೇಳಿದೆ.

“ಅಂದ್ರ ನಿಮ್ಮನ್ನ ನೋಡಾಕ ಬರಾಕತ್ತಾರ ಅನ್ರಿ,” ಎಂದರು ಗೌಡರು.

“ನನ್ನನ್ನಲ್ಲ ಗೌಡ್ರ, ಸಭಿ ನೋಡಾಕ.”

“ಎಲ್ಲಾ ಒಂದ ರೀ. ನೋಡಾಕ ಬರೂ ಮಂದಿ ಏನ್ ನೋಡ್ತಾರ ನನಗ ಗೊತ್ತೈತಿ. ಮನಿ ತುಂಬ ಹೆಣ್ಣಮಕ್ಕಳು, ಎಲ್ಲಾರ ಲಗ್ನಾ ಮಾಡೇನಿ. ನೀವು ಚಿಂತಿ ಬಿಟ್ಟು ಅಕ್ಷರಾ ಮುಂದ ನಡಸ್ರಿ.”

ಚಿಂತೆ ಬಿಡು ಎಂದವರ ಮಾತು ಕೇಳಿ ಚಿಂತೆ ಬಿಟ್ಟದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಅದರ ಫಲ ರವಿವಾರ ಬೆಳಗ್ಗೆ ಕಂಡಿತು. ಗೋಕಾಕ ರೋಡ್ ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಬರಲಿದ್ದ ಅಯ್ಯನವರನ್ನು ಊರ ಹೊರಗೆ ಎದುರುಗೊಂಡು ಕರೆತಂದೆ. ನಮ್ಮ ಸಾಲಿಯ ಮುಂದೆ, ಅಂದರೆ ನಮ್ಮ ಮನೆಯ ಮುಂದೆ, ಎರಡು ಭಾರಿ ಎತ್ತುಗಳನ್ನು ಕಟ್ಟಿದ್ದರು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಎದುರು ಮನೆಯ ಗೌಡರು ನಮ್ಮ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದರು.

“ಭಾಳ ಚಲೋ ಜೋಡಿ. ಯಾರವು?” ಎಂದು ಅಯ್ಯನವರು ಕೇಳಿದರು.

“ಮಾಸ್ತರವ ರೀ,” ಎಂದರು ಗೌಡರು, ಕಣ್ಣು ಪಿಳುಕಿಸದೆ.

ನನ್ನ ಜೀವನದಲ್ಲಿ ನಾನೊಂದು ಕೋಳಿಯನ್ನೂ ಸಾಕಿದವನಲ್ಲ. ಆಗ ನನಗೆ ಹೊಳೆಯಿತು. ನಮ್ಮ ಕಡೆ ಹೆಣ್ಣು ನೋಡಲು ಬೀಗರು ಬರುವ ದಿನ ಓಣಿಯವರೆಲ್ಲ ಸೇರಿ ಆ ಮನೆಯನ್ನು ತುಂಬಿಸಿ ತೋರಿಸುವ ರೂಢಿ. ಒಬ್ಬರ ಮನೆಯಿಂದ ಹಿತ್ತಾಳೆಯ ಕೊಡ ಬರುತ್ತದೆ, ಇನ್ನೊಬ್ಬರ ಮನೆಯಿಂದ ಎತ್ತು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಪಡಸಾಲೆಯಲ್ಲಿ ಕೂರಲು ಗಂಭೀರ ಮುಖದ ನಾಲ್ಕು ಹಿರಿಯರೂ ಎರವಲು ಬರುತ್ತಾರೆ. ಗೌಡರು ನನ್ನನ್ನು ಮದುವೆಯಾಗದ ಮಗಳ ಸ್ಥಾನದಲ್ಲಿ ಇಟ್ಟಿದ್ದರು. ನಾನು ಅಯ್ಯನವರ ಕಿವಿಗೆ ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಒಳಗೆ ಕಾಲಿಟ್ಟಿದ್ದರು, ನಾನು ತೆರೆದ ಬಾಯಿಯಲ್ಲೇ ಹಿಂದೆ ಹೋದೆ.

ಒಳಗೆ ಊರೇ ಕುಳಿತಿತ್ತು. ನಮ್ಮ ಒಂದೂವರೆ ಜಮಖಾನೆ ಯಾವ ಮೂಲೆಯಲ್ಲಿತ್ತೋ ಕಾಣಲಿಲ್ಲ. ಮನೆ ಮನೆಯ ಕಂಬಳಿ, ಕೌದಿ, ಗೋಣಿತಟ್ಟು ಹಾಸಿ ಗೋಡೆಯಿಂದ ಗೋಡೆಯವರೆಗೆ ಜನ. ಸಂಜೆಯ ಸಾಲಿಯವರೆಲ್ಲ ಮುಂದೆ ಇದ್ದರು. ವಿಭೂತಿ ಕಾಣಬಾರದೆಂದು ಒಬ್ಬೊಬ್ಬರೂ ರುಮಾಲನ್ನು ಹುಬ್ಬಿನ ತನಕ ಇಳಿಸಿಕೊಂಡಿದ್ದರು, ಕೆಲವರು ದಾರಿ ಕಾಣದೆ ಒಬ್ಬರ ಮೇಲೊಬ್ಬರು ಕುಳಿತಿದ್ದರು. ಅಯ್ಯನವರು ಕೀರ್ತನೆ ಎತ್ತಿದರು. ಸಂಜೆಯ ಸಾಲಿಯ ಕೀರ್ತನೆಯೇ ಅದು. ತಾಳ ಬಿತ್ತು, ಮಾಡಿನ ಹಲ್ಲಿಗಳು ಓಡಿದವು. ಅಂಥ ಹಾಡು ನಮ್ಮ ಸಭೆಯಲ್ಲಿ ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಅಯ್ಯನವರ ಕಣ್ಣು ತುಂಬಿತು. ನನ್ನ ಮೈ ಬೆವರಿತು.

ಆಮೇಲೆ ಅಯ್ಯನವರು ಪ್ರಾರ್ಥನೆ ಮಾಡೋಣ ಎಂದರು. ಪ್ರಾರ್ಥನೆಯ ಹೊತ್ತಿಗೆ ನಮ್ಮ ಗಂಡಸರು ರುಮಾಲು ತೆಗೆಯುತ್ತಾರೆ. ಮೂಲೆಯಲ್ಲಿದ್ದ ನಮ್ಮವರು ತೆಗೆದರು. ಅವರನ್ನು ನೋಡಿ, ಬಂದ ಮನೆಯಲ್ಲಿ ಅಲ್ಲಿಯ ಪದ್ಧತಿಯಂತೆ ನಡೆಯಬೇಕೆಂಬ ಮರ್ಯಾದೆಯಿಂದ, ಗೌಡರು ತಮ್ಮ ರುಮಾಲು ತೆಗೆದರು. ಗೌಡರನ್ನು ನೋಡಿ ಊರು ತೆಗೆಯಿತು. ಸಾಲು ಸಾಲಾಗಿ ಮೂರು ಮೂರು ಬೆರಳಿನ ವಿಭೂತಿ ಬೆಳಗಿತು. ನಾನು ಕಣ್ಣು ಮುಚ್ಚುವುದನ್ನು ಮರೆತು ನಿಂತೆ. ಅಯ್ಯನವರು ಒಮ್ಮೆ ಕಣ್ಣು ತೆರೆದರು, ನೋಡಿದರು, ತಕ್ಷಣ ಮುಚ್ಚಿಕೊಂಡರು. ಆ ಪ್ರಾರ್ಥನೆ ಬಹಳ ಉದ್ದವಾಯಿತು. ಕೊನೆಗೆ ಅವರು ಆಮೆನ್ ಎಂದಾಗ ನಮ್ಮವರು ಆಮೆನ್ ಎಂದರು. ಅದರ ಬೆನ್ನಿಗೇ, ಪೂಜೆ ಮುಗಿದ ಅಭ್ಯಾಸಬಲದಿಂದ, ಇಡೀ ಸಭೆ “ಹರ ಹರ ಮಹಾದೇವ” ಎಂದು ಗುಡುಗಿತು.

ಹೊರಗೆ ಬಂದೆವು. ಗೌಡರು ಇನ್ನೂ ಸೋಲು ಒಪ್ಪಿರಲಿಲ್ಲ. ಮಾಸ್ತರರು ಈ ಎತ್ತುಗಳನ್ನು ಮುಧೋಳದ ಜಾತ್ರೆಯಲ್ಲಿ ಹೇಗೆ ಆರಿಸಿ ತಂದರೆಂದು ಅಯ್ಯನವರಿಗೆ ವರ್ಣಿಸತೊಡಗಿದರು. ಅಷ್ಟರಲ್ಲಿ, ಒಳಗಿನ ಆ ಗುಡುಗಿಗೆ ಬೆದರಿದ್ದ ಎತ್ತುಗಳು ಹಗ್ಗ ಹರಿದುಕೊಂಡು, ಗೆಜ್ಜೆ ಝಣಝಣ ಅನ್ನಿಸುತ್ತ ಓಣಿ ದಾಟಿ, ಗೌಡರ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋಗಿ ತಮ್ಮ ಗೋದಲಿಯ ಮುಂದೆ ನಿಂತವು. ಗೌಡರ ಮಾತು ಅರ್ಧಕ್ಕೆ ನಿಂತಿತು. ನಾನು ಭೂಮಿ ಬಾಯಿ ಬಿಡಲಿ ಎಂದು ಕಾದೆ.

ಅಯ್ಯನವರು ಕೋಲು ಊರಿ ನಕ್ಕರು, ನಗುತ್ತ ನಗುತ್ತ ಕಟ್ಟೆಯ ಮೇಲೆ ಕುಳಿತುಬಿಟ್ಟರು. “ಮಾಸ್ತರ, ನಾನೂ ಹುಕ್ಕೇರಿ ಕಡಿಯಾಂವ. ನಮ್ಮ ಅಕ್ಕನ್ನ ನೋಡಾಕ ಬಂದಾಗ ನಮ್ಮಪ್ಪನೂ ಬಾಜೂಮನಿ ಎತ್ತು ತಂದು ಕಟ್ಟಿದ್ದಾ. ಅವೂ ಹಿಂಗ ಹೋದೂ,” ಎಂದರು. ಆಮೇಲೆ ಕಣ್ಣೊರೆಸಿಕೊಂಡು ಗಂಭೀರವಾದರು. “ಬಾಜೂದವರು ಬ್ಯಾರೆ ಗುಡಿಗೆ ನಡಕೊಳ್ಳು ಮಂದಿ. ಆದ್ರೂ ನಿಮ್ಮ ಸಾಲಿ ಉಳೀಲಿ ಅಂತ ತಾವ ಬಂದು ಕುಂತಾರ. ಹಿಂತಾ ಊರಾಗ ಸಾಲಿ ಮುಚ್ಚಿದ್ರ ದೇವರ ಮುಂದ ನಾನು ಏನ್ ಹೇಳ್ಲಿ? ಮುಚ್ಚೂದಿಲ್ಲ, ಹೋಗ್ರಿ.”

ನಾನು ಉಸಿರು ಬಿಟ್ಟೆ. ಬಾಗಿಲ ಮರೆಯಲ್ಲಿದ್ದ ರೂತವ್ವನೂ ಬಿಟ್ಟಳು. ಆದರೆ ಅಯ್ಯನವರ ಮಾತು ಮುಗಿದಿರಲಿಲ್ಲ.

“ನೀವು ಮಾತ್ರ ಇಲ್ಲಿ ಇರೂದು ಬ್ಯಾಡ್ರಿ ಮಾಸ್ತರ. ಇಲ್ಲಿ ನಿಮ್ಮ ಕೆಲಸಾ ಆಗೇತಿ, ಬ್ಯಾರೆ ಯಾರ ಬಂದ್ರೂ ನಡೀತೈತಿ. ಬೆಲ್ಲದ ಬಾಗೇವಾಡಿಯೊಳಗ ನಮ್ಮವರು ಎರಡ ಮನಿ ಅದಾರ, ಮಗ್ಗಲ ಮನಿಯವರೂ ಅವರನ್ನ ಮಾತಾಡ್ಸಂಗಿಲ್ಲ. ಅಲ್ಲಿ ಎರವಿನ ಎತ್ತು ಹುಟ್ಟಸೂ ಮನಶ್ಯಾ ಬೇಕಾಗ್ಯಾನ.”

ಬೆಚ್ಚಿಬೀಳುವುದರಲ್ಲಿ ಪಳಗಿದ ನಾನೂ ಅಂದು ಸೋತೆ. ನನಗಿಂತ ಹೆಚ್ಚು ಬೆಚ್ಚಿದವರು ಗೌಡರು. ಅಯ್ಯನವರ ಚಕ್ಕಡಿ ಹೋದ ಮೇಲೆ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು, “ತಪ್ಪಾತ್ರಿ ಮಾಸ್ತರ. ಭಾಳ ಚಲೋ ತೋರಿಸಿ ಕೆಡಿಸಿದ್ವಿ. ಹೆಣ್ಣು ಮನಸಿಗಿ ಬಂದ್ರ ಕರಕೊಂಡ ಹೋಗ್ತಾರ ಅನ್ನೂದ ನೆನಪಾಗ್ಲಿಲ್ಲ ನೋಡ್ರಿ,” ಎಂದರು. ರುಮಾಲಿನ ಅಂಚಿನಿಂದ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು, ಮುಚ್ಚಿಡಲಿಲ್ಲ.

ಒಳಗೆ ರೂತವ್ವ ಟ್ರಂಕ್ ಎಳೆದಿದ್ದಳು. ನಾನು ನನ್ನ ದುಃಖವನ್ನೆಲ್ಲ ಸಿಟ್ಟಿಗೆ ತಿರುಗಿಸಿ, ಊರೇ ಬಂದು ಕೂರುವ ವಿಷಯ ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. “ಗೊತ್ತಿತ್ತು. ಕಂಬಳಿ ಹಾಸಿದಾಕಿ ನಾನ. ನಿಮಗ ಹೇಳಿದ್ರ ಮಾರಿ ಮ್ಯಾಲ ಬರ್ಕೊಂಡು ನಿಲ್ತಿದ್ರಿ,” ಎಂದಳು. ಇದು ಮೋಸವಲ್ಲವೇ ಎಂದೆ. ಅವಳು ಸೀರೆ ಮಡಿಸುತ್ತ, ತಲೆಯೆತ್ತದೆ, “ನನ್ನ ನೋಡಾಕ ಬಂದಾಗ ನಮ್ಮ ಬಾಗಲದಾಗ ಒಂದು ಎಮ್ಮಿ ಕಂಡಿತ್ತಲ್ಲ, ಅದೂ ನಮ್ಮದಲ್ಲ ಬಿಡ್ರಿ,” ಎಂದಳು. ನಾನು ಟ್ರಂಕಿನ ಮೇಲೆ ಕುಳಿತೆ. ಆ ಎಮ್ಮೆಯ ಹಾಲು ಎಷ್ಟು ಗಟ್ಟಿ ಇರಬಹುದೆಂದು ಮದುವೆಯಾದ ಲಾಗಾಯ್ತಿನಿಂದ ಯೋಚಿಸುತ್ತ ಬಂದವನು ನಾನು.

ಹೊರಡುವ ದಿನ ನುಗ್ಗೆಗೆ ಹೂ ಬಿಟ್ಟಿತ್ತು. ರೂತವ್ವ ಒಂದು ಟೊಂಗೆ ಕಡಿದು ಒದ್ದೆ ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡು ಚಕ್ಕಡಿ ಹತ್ತಿದಳು. ಎತ್ತು ಗೌಡರವೇ. ಈ ಸಲ ಅವು ಹಗ್ಗ ಹರಿಯದೆ ಬಾಗೇವಾಡಿಯ ತನಕ ಬಂದವು.

ಬಾಗೇವಾಡಿಯಲ್ಲಿ ಅಯ್ಯನವರು ಹೇಳಿದ್ದು ಖರೆಯೇ ಆಗಿತ್ತು. ಮಗ್ಗುಲ ಮನೆಯ ರೈತ ರುದ್ರಪ್ಪ ನನ್ನನ್ನು ಕಂಡರೆ ಓಣಿಯ ಆ ಬದಿಗೆ ದಾಟುವನು. ನಮಸ್ಕಾರ ಎಂದರೆ ಆಕಾಶ ನೋಡಿ ಮಳೆಯ ವಿಚಾರ ಮಾಡುವನು. ಹೀಗೆ ಸುಗ್ಗಿ ಕಳೆಯಿತು. ಒಂದು ಬೆಳಗ್ಗೆ ಹಿಂದಿನಿಂದ ‘ಮಾಸ್ತರ’ ಎಂದು ದನಿ ಕೇಳಿ ತಂಬಿಗೆ ಕೈಬಿಟ್ಟೆ. ರುದ್ರಪ್ಪ ನಮ್ಮ ಅಂಗಳದ ಅಂಚಿನಲ್ಲಿ, ಒಳಗೂ ಅಲ್ಲ ಹೊರಗೂ ಅಲ್ಲ ಅನ್ನುವಂತೆ ನಿಂತಿದ್ದ.

“ಇವತ್ತ ನಮ್ಮ ಹುಡುಗಿನ್ನ ನೋಡಾಕ ಬರ್ತಾರ ರೀ. ಎತ್ತು ಅಂತೂ ನಿಮ್ಮ ಹಂತ್ಯಾಕ ಇಲ್ಲ,” ಎಂದು ನಿಲ್ಲಿಸಿ ಕಾಲಿನಿಂದ ಮಣ್ಣು ಕೆದರಿದ. “ಕೋಟು ಐತಿ. ಅದನ್ನ ಹಾಕ್ಕೊಂಡು ನಮ್ಮ ಕಟ್ಟಿ ಮ್ಯಾಲ ಬಂದು ಕುಂದರ್ರಿ. ಏನೂ ಮಾತಾಡಬ್ಯಾಡ್ರಿ. ಕುಂತ್ರ ಸಾಕು.”

ನಾನು ಕೋಟು ಹಾಕಿಕೊಂಡು ಹೋಗಿ ಕುಳಿತೆ. ಬೀಗರ ಕಡೆಯ ಹಿರಿಯರೊಬ್ಬರು ನನ್ನನ್ನು ಮೇಲೆ ಕೆಳಗೆ ನೋಡಿ, ಇವರು ಯಾರೆಂದು ಕೇಳಿದರು. “ನಮ್ಮ ಮನಿ ಮಾಸ್ತರು,” ಎಂದ ರುದ್ರಪ್ಪ. ನಾನು ಒಳಗೊಳಗೇ ಬೆಚ್ಚಿಬಿದ್ದೆ, ಆದರೆ ಆ ಕೋಟಿನ ಮಾನಕ್ಕಾಗಿ ಗಂಭೀರವಾಗಿ ತಲೆಯಾಡಿಸಿದೆ. ಬೀಗರು ಹೋದ ಮೇಲೆ ಎದ್ದು ಹೊರಡುತ್ತಿದ್ದವನನ್ನು ರುದ್ರಪ್ಪನ ಹೆಂಡತಿ ತಡೆದಳು. ಉಣ್ಣದೆ ಹೋದರೆ ಹುಡುಗಿಗೆ ಒಳ್ಳೆಯದಲ್ಲವೆಂದು ಹೇಳಿ ಅದೇ ಕಟ್ಟೆಯ ಮೇಲೆ ಎಲೆ ಹಾಕಿ ಹೋಳಿಗೆ ಬಡಿಸಿದಳು.

ಮನೆಗೆ ಬಂದಾಗ ರೂತವ್ವ ಹೊಸ ನುಗ್ಗೆಯ ಬುಡಕ್ಕೆ ನೀರು ಹನಿಸುತ್ತಿದ್ದಳು. ನನ್ನ ಕೋಟನ್ನೂ ನಡಿಗೆಯನ್ನೂ ನೋಡಿ, “ಏನು, ಹಗ್ಗಾ ಹರಕೊಂಡು ಬಂದ್ರ್ಯಾ?” ಎಂದು ಕೇಳಿದಳು.

“ಇಲ್ಲ,” ಎಂದೆ. “ಮೇವು ಹಾಕಿ ಬಿಟ್ಟಾರ.”