ಚಂದ್ರನ ಮೇಲೆ ಬೆಳ್ಳಕ್ಕಿ

ಗಾಳೆಪ್ಪ ಮಾಸ್ತರರ ಪಾಲಿಗೆ ಆ ದಿನ ಕೆಟ್ಟದ್ದು ಒಂದು ತುಂಡು ಹಸಿರು ಬಟ್ಟೆಯಿಂದ.

ಸಿದ್ದಾಪುರದ ಬೆಳಕಿಂಡಿ ಅಕಾಡೆಮಿ ಎಂದರೆ ಹೈಸ್ಕೂಲು ಪಾಠದ ಜೊತೆಗೆ ಕ್ಯಾಮೆರಾ, ಎಡಿಟಿಂಗು ಎಲ್ಲ ಕಲಿಸುವ ಶಾಲೆ. ವಿಜ್ಞಾನ ಹೇಳಿಕೊಡಲು ಬಂದ ಗಾಳೆಪ್ಪನವರ ಕೊರಳಿಗೆ ಸ್ಟುಡಿಯೊದ ಬೀಗದಕೈಯೂ ಬಿದ್ದಿತ್ತು. ಹಸಿರು ಬಟ್ಟೆಯ ಮುಂದೆ ನಿಂತು ಪಾಠ ಮಾಡಿದರೆ ಸಾಕು, ಕಂಪ್ಯೂಟರು ಹಸಿರನ್ನೆಲ್ಲ ಅಳಿಸಿ ಅಲ್ಲಿ ಹಿಮಾಲಯ ಬೇಕೆಂದರೆ ಹಿಮಾಲಯ, ಚಂದ್ರ ಬೇಕೆಂದರೆ ಚಂದ್ರನನ್ನು ತಂದು ಕೂರಿಸುತ್ತಿತ್ತು. ಆದರೆ ಮಾಸ್ತರರಿಗೆ ಬೇಕಾಗಿದ್ದದ್ದು ಹಿಮಾಲಯವೂ ಅಲ್ಲ, ಚಂದ್ರನೂ ಅಲ್ಲ, ಗಂಗಾವತಿ. ಆರು ವರ್ಷದಿಂದ ದಿನಾ ಅಲ್ಲಿಂದ ಬಸ್ಸಿನಲ್ಲಿ ನಿಂತು ಬಂದು, ನಿಂತೇ ಹೋಗಿ, ಪಾಪ, ಅವರ ಮೊಣಕಾಲು ಸವೆದಿದ್ದವು. ಗಂಗಾವತಿಯಲ್ಲಿ ಸಂಸ್ಥೆಯ ಇನ್ನೊಂದು ಶಾಲೆ ಇತ್ತು, ಅವರ ಮನೆಯಿಂದ ಐದೇ ನಿಮಿಷದ ದಾರಿ.

"ನಾಲ್ಕಕ್ಕ ಕಾರ್ಯದರ್ಶಿ ವೆಂಕೋಬ ಸಾಹೇಬ್ರು ಬರ್ತಾರ್ರಿ," ಎಂದು ಮುಖ್ಯೋಪಾಧ್ಯಾಯಿನಿ ಸುಕನ್ಯಾ ಮೇಡಂ ಬೆಳಿಗ್ಗೆಯೇ ಹೇಳಿದ್ದರು. "ಚಂದ್ರನ ಪಾಠದ ವಿಡಿಯೊ ತಯಾರಿರಲಿ. ಅವರು ಮೆಚ್ಚಿದ್ರಂದ್ರ ನಿಮ್ಮ ಗಂಗಾವತಿ ವರ್ಗದ ಕಾಗದಕ್ಕ ನಿಂತ ಕಾಲಮ್ಯಾಲ ಸಹಿ ಮಾಡಿಸಿ ಕೊಡ್ತೀನಿ."

ಸುದ್ದಿ ಕೇಳಿದ ಹೆಂಡತಿ ದುರ್ಗಾದೇವಿ ಫೋನಿನಲ್ಲೇ ಕುಣಿದಾಡಿದಳು. "ಓಣಿಗೆಲ್ಲ ಪೇಡೆ ಹಂಚಾಕತ್ತೀನ್ರಿ!"

"ಏ, ಸಹಿ ಇನ್ನೂ ಆಗಿಲ್ಲ ಮಾರಾಯ್ತಿ!" ಎನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಹತ್ತು ಗಂಟೆಗೆ ಮಾಸ್ತರರು ಸ್ಟುಡಿಯೊದ ಬೀರು ತೆಗೆದರು. ಹಸಿರು ಬಟ್ಟೆ ಇಲ್ಲ!

"ಹೊನ್ನೂರಪ್ಪಾ! ಇಲ್ಲಿದ್ದ ಹಸರ ಬಟ್ಟಿ ಎಲ್ಲಿಗಿ ಹೋತೋ?"

ಜವಾನ ಹೊನ್ನೂರಪ್ಪ ಒಮ್ಮೆ ಬೀರು ನೋಡಿದ, ಒಮ್ಮೆ ಮಾಸ್ತರರ ಮುಖ ನೋಡಿದ, ಆಮೇಲೆ ನೆಲ ನೋಡಿದ. "ಹುಡುಕೂಣ್ರಿ ಸರ್," ಎಂದವನೇ ಬೆಂಚಿನ ಕೆಳಗೆ, ಬಾವಿಯ ಹತ್ತಿರ, ಕಡೆಗೆ ಶಾಲೆಯ ಗಂಟೆಯ ಹಿಂದೆ ಕೂಡ ಹುಡುಕಿದ. ಅಷ್ಟು ಶ್ರದ್ಧೆಯಿಂದ ಅವನು ಯಾವತ್ತೂ ಯಾವ ಕೆಲಸವನ್ನೂ ಮಾಡಿದವನಲ್ಲ.

ಇನ್ನು ಪುಕ್ಕಟೆ ಬುದ್ಧಿ ಹೇಳುವವರಿಗೆ ಬರವೇ? ಅಡುಗೆಯ ಕಾಸೀಮಬೀ ಎರಡು ಕಟ್ಟು ಪಾಲಕ್ ಸೊಪ್ಪು ಹಿಡಿದು ಬಂದಳು. "ಹಸರ ಬೇಕಂದ್ರ ಇದನ್ನ ಗ್ವಾಡಿಗಿ ಹಚ್ರಿ ಸರ್. ಪಾಠ ಮುಗದ ಮ್ಯಾಲ ವಾಪಸ್ ಕೊಡ್ರಿ, ಮಧ್ಯಾಹ್ನ ಸಾರಿಗಿ ಬೇಕು."

ಹೊಸ ಬಟ್ಟೆ ಸಿಕ್ಕೀತೆಂದು ಮಾಸ್ತರರು ಗೇಟಿನೆದುರಿನ ದರ್ಜಿ ಜಿಲಾನಸಾಬನ ಬಳಿ ಓಡಿದರು. ಅವನು ತೊಡೆಯ ಮೇಲೆ ಏನನ್ನೋ ಹರವಿಕೊಂಡು ಜರಿ ಅಂಚು ಹೊಲಿಯುವುದರಲ್ಲಿ ಮುಳುಗಿದ್ದ. ತಲೆ ಎತ್ತಲಿಲ್ಲ. "ಹಸರ ಬಟ್ಟಿ ಇಲ್ರಿ ಸರ್. ಈಗ ಮಾತಾಡಸಬ್ಯಾಡ್ರಿ, ನಿಮ್ಮ ಸಾಲಿದ ಅರ್ಜಂಟ್ ಕೆಲಸ ಐತಿ." ಮಾಸ್ತರರು ಬಂದ ಕಾಲಲ್ಲೇ ತಿರುಗಿದರು. ತುಸು ಬಗ್ಗಿ ನೋಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವರನ್ನು ಉಳಿಸಿದವಳು ಕಂಪ್ಯೂಟರು ನಡೆಸುವ ಹತ್ತನೇ ತರಗತಿಯ ಕವಿತಾ. ಕಿಟಕಿಯಾಚೆ ಕೈ ತೋರಿಸಿ ಅವಳೆಂದಳು: "ಸರ್, ಹಸರಿಗೇನ್ ಬರ ಐತ್ರಿ? ಊರ ಸುತ್ತ ನೆಲ್ಲ ನಿಂತೈತಲ್ರಿ!"

ಹೌದಲ್ಲ! ಕಾಲುವೆ ಏರಿಯ ಮೇಲೆ ಕ್ಯಾಮೆರಾ ಇಟ್ಟರು. ಕೆಳಗೆ ಬದುವಿನ ಮೇಲೆ ಬಿಳಿ ಅಂಗಿಯ ಮಾಸ್ತರರು, ಅವರ ಹಿಂದೆ ಕಣ್ಣು ಹರಿದಷ್ಟೂ ಭತ್ತ. "ಚಂದ್ರನಲ್ಲಿ ಗಾಳಿ ಇಲ್ಲ, ಯಾವ ಜೀವಿಯೂ ಇಲ್ಲ, ನೀರಿಲ್ಲ," ಎಂದು ಅವರು ಪಾಠ ಶುರು ಮಾಡಿದರು. ಒಮ್ಮೆ ಶುರು ಮಾಡಿದರೆ ಹಿಂದೆ ತಿರುಗಿ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಎಡಿಟಿಂಗು ಮುಗಿಯುವಾಗ ನಾಲ್ಕಕ್ಕೆ ಐದೇ ನಿಮಿಷ. ಪೂರ್ತಿ ನೋಡಲು ಹೊತ್ತೆಲ್ಲಿತ್ತು?

ಸಾಹೇಬರು ಬಂದರು. ಸಭಾಂಗಣದ ದೊಡ್ಡ ಟಿವಿಯಲ್ಲಿ ಬೂದು ಚಂದ್ರ, ಮೇಲೆ ಮಾಸ್ತರರು. "ಯಾವ ಜೀವಿಯೂ ಇಲ್ಲ" ಎಂದರೋ ಇಲ್ಲವೋ, ಅವರ ಬೆನ್ನ ಹಿಂದೆ ಒಂದು ಬೆಳ್ಳಕ್ಕಿ ಗಂಭೀರವಾಗಿ ಚಂದ್ರನನ್ನು ದಾಟಿತು. "ನೀರಿಲ್ಲ" ಎನ್ನುತ್ತಲೇ ಅದು ಕೊಕ್ಕು ಹಾಕಿ ಮೀನೊಂದನ್ನು ಎತ್ತಿತು. ಅಷ್ಟು ಸಾಲದೆಂಬಂತೆ, ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹಸಿರು ಸೀರೆಯ ಉಡಚಮ್ಮನ ಕೆಂಪು ಕುಪ್ಪಸವೊಂದೇ ಚಂದ್ರನ ನೆಲದಿಂದ ಎದ್ದು ನಿಂತು ಕೂಗಿತು: "ಏ ಮಾಸ್ತರ, ಬದು ಕುಸೀತೈತಿ, ಕೆಳಗ ಇಳೀರಿ!"

ಮಕ್ಕಳು ಬಿದ್ದು ಬಿದ್ದು ನಕ್ಕರು. ಮಾಸ್ತರರಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಆದರೆ ಸಾಹೇಬರ ತುಟಿಯೂ ಅರಳಿತ್ತು. "ಭಾಳ ಛಲೋ ಐತ್ರಿ. ಮಕ್ಕಳು ಈ ಪಾಠಾನ ಸಾಯೂತನಕ ಮರಿಯಂಗಿಲ್ಲ. ಎಲ್ಲೈತಿ ಕಾಗದ?" ಎಂದು ಪೆನ್ನು ತೆಗೆದರು.

ಗಾಳೆಪ್ಪನವರ ಕಣ್ಣು ತುಂಬಿ ಬಂತು. ಪೆನ್ನು ಕಾಗದಕ್ಕೆ ತಾಗುವುದೊಂದೇ ಬಾಕಿ.

"ತಡೀರಿ ಸಾಹೇಬ್ರ," ಎಂದು ಸುಕನ್ಯಾ ಮೇಡಂ ಅಡ್ಡ ಬಂದರು. "ಮೊದಲ ಸನ್ಮಾನ ಆಗ್ಲಿ. ಹೊನ್ನೂರಪ್ಪ, ಶಾಲು ತಾ."

ಹೊನ್ನೂರಪ್ಪ ತಟ್ಟೆ ಹಿಡಿದು ಬಂದ. ಜರಿ ಅಂಚಿನ ಹಸಿರು ಶಾಲು! ಆ ಬಟ್ಟೆಯ ನೂಲು ನೂಲೂ ಮಾಸ್ತರರಿಗೆ ಗೊತ್ತಿತ್ತು.

"ತಪ್ಪಾತ್ರಿ ಸರ್," ಎಂದು ಹೊನ್ನೂರಪ್ಪ ಅವರ ಕಿವಿಯಲ್ಲಿ ಉಸುರಿದ. "ಶಾಲು ತರೂದು ಮರತಿದ್ನಿ. ಹೇಳಾಕ ಅಂಜಿಕಿ ಬಂತ್ರಿ."

ಸನ್ಮಾನವನ್ನೂ ಟಿವಿಯಲ್ಲಿ ನೇರವಾಗಿ ತೋರಿಸಬೇಕೆಂದು ಕವಿತಾ ಆಗಲೇ ಕ್ಯಾಮೆರಾ ತಿರುಗಿಸಿಯಾಗಿತ್ತು. ಕಂಪ್ಯೂಟರಿನಲ್ಲಿ ಇನ್ನೂ ಚಂದ್ರನೇ ಇದ್ದ. ಮೇಡಂ ಶಾಲು ಹೊದಿಸಿದರು. ಟಿವಿಯಲ್ಲಿ ಸಾಹೇಬರ ಕುತ್ತಿಗೆಯಿಂದ ಸೊಂಟದವರೆಗೆ ಏನೂ ಉಳಿಯಲಿಲ್ಲ. ತಲೆಯೊಂದೇ ಚಂದ್ರನ ಮೇಲೆ ತೇಲಿತು.

ಸಾಹೇಬರು ಟಿವಿ ನೋಡಿದರು, ತಮ್ಮ ಹೊಟ್ಟೆ ಮುಟ್ಟಿ ನೋಡಿದರು, ಮತ್ತೆ ಟಿವಿ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಇಪ್ಪತ್ತ ವರ್ಷದಿಂದ ಈ ಹೊಟ್ಟಿ ಕರಗಸಾಕ ಒದ್ದಾಡಾಕತ್ತೀನಿ, ನಿಮ್ಮ ಮಾಸ್ತರ ಒಂದ ಶಾಲಿನ್ಯಾಗ ಕರಗಿಸಿಬಿಟ್ಟನಲ್ರೀ! ಇಂಥಾ ಹುಷಾರ ಮನುಷ್ಯಾನ ಗಂಗಾವತಿಗಿ ಕಳಸೂದಾ? ಹುಚ್ಚ ಹಿಡದೈತೇನು? ರಿಟೈರ್ ಆಗೂತನಕ ಇಲ್ಲೇ ಇರ್ಲಿ!"

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಶಾಲು ತೆಗೆದು ಗಾಳೆಪ್ಪನವರಿಗೇ ಹೊದಿಸಿ, ಬೆನ್ನು ತಟ್ಟಿ, ಕಾರು ಹತ್ತಿದರು.

ಮಾಸ್ತರರು ನಿಂತಲ್ಲೇ ನಿಂತಿದ್ದರು. ಫೋನು ಬಡಿದುಕೊಂಡಿತು.

"ಪೇಡೆ ಎಲ್ಲಾ ಖಾಲಿ ಆತ್ರಿ! ಎಲ್ಲಿ ಅದೀರಿ ಈಗ?" ಎಂದಳು ದುರ್ಗಾದೇವಿ.

ಗಾಳೆಪ್ಪ ಮಾಸ್ತರರು ಟಿವಿಯ ಕಡೆ ನೋಡಿದರು. ಅಲ್ಲಿ ಅವರ ತಲೆ ಒಂಟಿಯಾಗಿ ತೇಲುತ್ತಿತ್ತು.

"ಚಂದ್ರನ ಮ್ಯಾಲ," ಎಂದರು. "ಇಲ್ಲಿಂದ ಗಂಗಾವತಿಗಿ ಬಸ್ ಇಲ್ಲಂತ."